ಬಾವಿಯೊಳಗೊಬ್ಬ, ಬೀದಿಯಲ್ಲೊಬ್ಬಳು

ಲಖನೌದ ಆಗಾ ಹಸನ್ ಅಮಾನತ್ 1850ರ ದಶಕದ ಆರಂಭದಲ್ಲಿ ಬರೆದ ‘ಇಂದರ್ ಸಭಾ’ ನಾಟಕದಲ್ಲಿ ಗುಲ್ಫಾಮ್ ಎಂಬ ರಾಜಕುಮಾರನಿದ್ದಾನೆ. ಅವನಿಗೆ ಮನಸೋತವಳು ಇಂದ್ರನ ಆಸ್ಥಾನದ ಸಬ್ಜ್ ಪರಿ, ಅಂದರೆ ಹಸಿರು ಅಪ್ಸರೆ. ಮನುಷ್ಯನೊಬ್ಬನನ್ನು ಕದ್ದುಮುಚ್ಚಿ ದೇವಸಭೆಗೆ ಕರೆತಂದ ತಪ್ಪಿಗೆ ಇಂದ್ರ ಅವಳ ರೆಕ್ಕೆ ಕೀಳಿಸಿ ಹೊರಗಟ್ಟುತ್ತಾನೆ. ಗುಲ್ಫಾಮನನ್ನು ಕಾಫ್ ಪರ್ವತದ ಬಾವಿಗೆ ತಳ್ಳಿಸುತ್ತಾನೆ. ಅವನು ಬಾವಿಯಲ್ಲಿ, ಅವಳು ಬೀದಿಯಲ್ಲಿ. ಸಬ್ಜ್ ಪರಿ ಜೋಗಿಣಿಯ ವೇಷ ತೊಟ್ಟು ಹಾಡುತ್ತ ಅಲೆಯುತ್ತಾಳೆ. ಆ ಹಾಡಿನ ಸುದ್ದಿ ಇಂದ್ರನವರೆಗೆ ಮುಟ್ಟಿ, ಅವನು ಕರೆಸಿ ಕೇಳಿ, ಬಹುಮಾನ ಏನು ಬೇಕೆಂದಾಗ ಅವಳು ಮುತ್ತುರತ್ನ ಒಲ್ಲದೆ ಗುಲ್ಫಾಮನನ್ನು ಕೇಳಿ ಪಡೆಯುತ್ತಾಳೆ.

ಹಿಂದೂ ಪುರಾಣದ ಇಂದ್ರ, ಫಾರಸಿ ಕತೆಗಳ ಪರಿಗಳು, ಉರ್ದು ಗಜಲು, ಠುಮರಿ, ಹೋಳಿಯ ಹಾಡು, ಎಲ್ಲವೂ ಒಂದೇ ವೇದಿಕೆಯಲ್ಲಿ ಕೂಡಿದ್ದ ಈ ನಾಟಕವನ್ನು ಮುಂದೆ ಮುಂಬಯಿಯ ಪಾರ್ಸಿ ಕಂಪನಿಗಳು ಎತ್ತಿಕೊಂಡವು. ನಾವು ಇಲ್ಲಿ ಹೇಳಹೊರಟಿರುವುದು ಅದರ ಇಡೀ ಚರಿತ್ರೆಯನ್ನಲ್ಲ. ಆ ಬಾವಿ ಮತ್ತು ಆ ಬೀದಿಯ ನಡುವಿನ ಹಾಡಿನ ಚರಿತ್ರೆಯನ್ನು. ಒಬ್ಬರ ಮುಖ ಒಬ್ಬರಿಗೆ ಕಾಣದ, ಒಬ್ಬರ ದನಿ ಒಬ್ಬರಿಗೆ ಕೇಳಿಸದ ಗಂಡುಹೆಣ್ಣು ಒಂದೇ ಹಾಡನ್ನು ಹಂಚಿಕೊಂಡು ಹಾಡುವ ಪದ್ಧತಿ ನಮ್ಮ ಸಂಗೀತ ನಾಟಕಗಳಲ್ಲಿ, ಆಮೇಲೆ ಸಿನಿಮಾಗಳಲ್ಲಿ, ಎಷ್ಟು ಬೇರುಬಿಟ್ಟಿದೆಯೆಂದರೆ ಅದು ಹೇಗೆ ಸಾಧ್ಯ ಎಂದು ಯಾವ ಪ್ರೇಕ್ಷಕನೂ ಎದ್ದು ಕೇಳುವುದಿಲ್ಲ.

ಯುಗಳಗೀತೆ ಎಂದೊಡನೆ ನಮಗೆ ನೆನಪಾಗುವುದು ತೋಟದಲ್ಲಿ ಮರ ಸುತ್ತುವ ಜೋಡಿ. ಆದರೆ ಎದುರುಬದುರು ನಿಂತು ಹಾಡುವ ಹಾಡಿನಲ್ಲಿ ಸಾಮಾನ್ಯವಾಗಿ ಗಂಡು ಕೇಳುತ್ತಾನೆ, ಹೆಣ್ಣು ನಾಚಿ ಉತ್ತರಿಸುತ್ತಾಳೆ. ಅಗಲಿದವರ ಹಾಡಿನಲ್ಲಿ ಹಾಗಿಲ್ಲ. ಅಲ್ಲಿ ಹೆಣ್ಣು ಯಾರಿಗೂ ಉತ್ತರ ಕೊಡಬೇಕಿಲ್ಲ. ಅವಳ ಪಾಲಿನ ಅರ್ಧ ಅವಳದೇ. ಮನೆಯ ಹಿರಿಯರೆದುರು ಗಂಡನ ಹೆಸರನ್ನೂ ಹೇಳದ ಸಮಾಜದಲ್ಲಿ ಹೆಣ್ಣಿಗೆ ಸಿಕ್ಕ ಈ ಅರ್ಧ ಹಾಡು ಸಣ್ಣ ಸಂಗತಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಇದು ನಮ್ಮಲ್ಲಿ ಮಾತ್ರ ಇದ್ದ ಪದ್ಧತಿಯಲ್ಲ. ‘ಇಂದರ್ ಸಭಾ’ ಲಖನೌದಲ್ಲಿ ರೂಪುಗೊಳ್ಳುತ್ತಿದ್ದ ವರ್ಷಗಳಲ್ಲೇ, 1853ರ ಜನವರಿಯಲ್ಲಿ, ರೋಮ್ ನಗರದಲ್ಲಿ ವೆರ್ಡಿಯ ಒಪೆರಾ ‘ಇಲ್ ತ್ರೊವತೋರೆ’ ಮೊದಲ ಪ್ರದರ್ಶನ ಕಂಡಿತು. ಅದರ ಕೊನೆಯ ಅಂಕದಲ್ಲಿ ಮರಣದಂಡನೆಗೆ ಕಾದಿರುವ ಮನ್ರೀಕೊ ಗೋಪುರದೊಳಗಿನಿಂದ ಹಾಡುತ್ತಾನೆ. ಲಿಯೊನೊರಾ ಹೊರಗೆ ಕತ್ತಲಲ್ಲಿ ನಿಂತು ಹಾಡುತ್ತಾಳೆ. ನಡುವೆ ಸಂನ್ಯಾಸಿಗಳ ಪ್ರಾರ್ಥನೆಯ ದನಿ. ಅಮಾನತ್ ಮತ್ತು ವೆರ್ಡಿ ಒಬ್ಬರ ಹೆಸರನ್ನೊಬ್ಬರು ಕೇಳಿರಲಾರರು. ಆದರೂ ಒಬ್ಬರಿಗೆ ಬಾವಿ, ಇನ್ನೊಬ್ಬರಿಗೆ ಗೋಪುರ ಹೊಳೆಯಿತು.

ಈಗ ನಮ್ಮ ಬೆಂಗಳೂರಿಗೆ ಬರೋಣ. 1809ರ ಸುಮಾರಿಗೆ ಬ್ರಿಟಿಷ್ ಸೈನ್ಯ ಶ್ರೀರಂಗಪಟ್ಟಣದಿಂದ ಇಲ್ಲಿಗೆ ಬಂದು ಬೀಡುಬಿಟ್ಟ ಮೇಲೆ ಬೆಂಗಳೂರು ಎರಡು ಊರಾಯಿತು. ಪಶ್ಚಿಮಕ್ಕೆ ಪೇಟೆ, ಪೂರ್ವಕ್ಕೆ ದಂಡು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದರೂ ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಅದು ಮೈಸೂರಿಗೆ ಸೇರಿದ್ದು 1947ರಲ್ಲಿ. ಎರಡು ಪೌರಸಭೆಗಳು ಕೂಡಿ ಒಂದು ಕಾರ್ಪೊರೇಷನ್ ಆದದ್ದು 1949ರಲ್ಲಿ. ಪೇಟೆಯಲ್ಲಿ ಕನ್ನಡ, ತೆಲುಗು, ಮರಾಠಿ. ದಂಡಿನಲ್ಲಿ ಇಂಗ್ಲಿಷು, ತಮಿಳು, ನಮ್ಮ ದಖನಿ ಉರ್ದು. ಬ್ಲಾಕ್‌ಪಲ್ಲಿ ಎನಿಸಿಕೊಂಡಿದ್ದ ಇಂದಿನ ಶಿವಾಜಿನಗರದಲ್ಲಿ ದಖನಿ ಮುಸ್ಲಿಮರು, ಕಚ್ಛೀ ಮೇಮನ್ ವರ್ತಕರು, ಲಬ್ಬೆಗಳು, ಹಲಸೂರಿನಲ್ಲಿ ತಮಿಳರು.

ಮದರಾಸಿನ ಕಡೆಯಿಂದ ರೈಲು ಮೊದಲು ಬಂದು ನಿಂತದ್ದೂ ದಂಡಿನ ನಿಲ್ದಾಣದಲ್ಲೇ, 1864ರಲ್ಲಿ. ಪಾರ್ಸಿ ನಾಟಕ ಕಂಪನಿಗಳಿಗೆ ರೈಲೇ ಪ್ರಾಣ. ಸಾಮಾನು ಸರಂಜಾಮು, ಬಣ್ಣದ ಪರದೆಗಳು, ಹಾರ್ಮೋನಿಯಂ, ನಟರ ದಂಡು ಎಲ್ಲವನ್ನೂ ರೈಲಿಗೆ ಹೇರಿಕೊಂಡು ಅವು ಊರೂರು ತಿರುಗಿದವು. ಮುಂಬಯಿಯಲ್ಲಿ 1853ರಲ್ಲಿ ಗುಜರಾತಿಯಲ್ಲಿ ಶುರುವಾದ ಪಾರ್ಸಿ ರಂಗಭೂಮಿ 1871ರಿಂದ ಉರ್ದುವಿಗೂ ಹೊರಳಿತ್ತು. ಉರ್ದು ನಾಟಕಕ್ಕೆ ಪ್ರೇಕ್ಷಕರು ಬೇಕು. ದಕ್ಷಿಣದಲ್ಲಿ ಹೈದರಾಬಾದು, ಮದರಾಸು ಬಿಟ್ಟರೆ ಆ ಪ್ರೇಕ್ಷಕರು ಬೆಂಗಳೂರಿನ ದಂಡಿನಲ್ಲಿ, ಮೈಸೂರಿನಲ್ಲಿ ಇದ್ದರು. ಪಾರ್ಸಿ ಕಂಪನಿಗಳು ಇಲ್ಲಿಗೆ ಬಂದವು. ಪೇಟೆಯ ಕನ್ನಡಿಗರೂ ಹೋಗಿ ನೋಡಿದರು. ಮಾತು ಅರ್ಧ ತಿಳಿಯಿತೋ ಇಲ್ಲವೋ, ಮಟ್ಟುಗಳು ಮಾತ್ರ ಪೂರ್ತಿ ಮನೆಗೆ ಬಂದವು. ಕನ್ನಡ ಕಂಪನಿ ನಾಟಕಗಳ ರಂಗಗೀತೆಗಳಲ್ಲಿ ‘ಪಾರ್ಸಿ ಮಟ್ಟು’ ಎಂಬ ಒಂದು ಬಗೆಯೇ ಇದೆಯಲ್ಲ, ಅದು ಹೀಗೆ ಬಂದದ್ದು.

ಈ ಕಂಪನಿಗಳು ಬಿಟ್ಟುಹೋದ ಪದಗಳಲ್ಲಿ ‘ಪರದೆ’ಯೂ ಒಂದು. ಬಣ್ಣದ ಬಟ್ಟೆ ಪರದೆ. ನಮ್ಮ ಮನೆಗಳಲ್ಲಿ ಹೆಂಗಸರ ಮರೆಯೂ ಪರದಾ. ಇಷ್ಟೇ ಅಲ್ಲ, ಉರ್ದುವಿನಲ್ಲಿ ಸಿತಾರಿನ ಮೆಟ್ಟಿಲಿಗೂ, ಹಾರ್ಮೋನಿಯಂ ಮನೆಗೂ ಪರದಾ ಎನ್ನುತ್ತಾರೆ. ಅಗಲಿದವರ ಹಾಡಿಗೆ ಬೇಕಾದದ್ದು ಈ ಮೂರೇ: ಅವರನ್ನು ಬೇರೆ ಮಾಡುವ ಮರೆ, ಆ ಮರೆಯನ್ನು ತೋರಿಸುವ ಬಟ್ಟೆ, ಎರಡೂ ಕಡೆಗೆ ಕೇಳುವ ಸ್ವರ.

ಇದನ್ನು ರಂಗದ ಮೇಲೆ ಮಾಡುತ್ತಿದ್ದ ರೀತಿ ಸರಳ. ಮುಂದೆ ಬೀದಿಯ ಪರದೆ ಇಳಿಬಿಟ್ಟಿದೆ. ನಾಯಕ ಅದರ ಮುಂದೆ ಅಲೆಯುತ್ತ ಹಾಡಿ ಒಳಗೆ ಹೋಗುತ್ತಾನೆ. ಹಾರ್ಮೋನಿಯಂ ಮೇಷ್ಟ್ರು ಅದೇ ಮಟ್ಟನ್ನು ಬಿಡದೆ ನುಡಿಸುತ್ತಿರುತ್ತಾರೆ. ಬೀದಿಯ ಪರದೆ ಮೇಲೇರಿದರೆ ಹಿಂದೆ ಅಂತಃಪುರದ ಪರದೆ, ಅದರ ಮುಂದೆ ನಾಯಕಿ, ಅವಳ ಬಾಯಲ್ಲಿ ಅದೇ ಮಟ್ಟಿನ ಮುಂದಿನ ನುಡಿ. ಮಟ್ಟು ಮುರಿಯದಿದ್ದರೆ ಹಾಡು ಒಂದೇ ಎಂದು ಕೇಳುವವನ ಕಿವಿ ಒಪ್ಪಿಕೊಂಡುಬಿಡುತ್ತದೆ. ಇನ್ನೊಂದು ರೀತಿಯಲ್ಲಿ ಇಬ್ಬರೂ ರಂಗದ ಮೇಲೇ ಇರುತ್ತಾರೆ, ಆ ಮೂಲೆಗೊಬ್ಬರು ಈ ಮೂಲೆಗೊಬ್ಬರು. ನಡುವಿನ ಹತ್ತು ಮಾರು ಹಲಗೆಯನ್ನು ನಾವು ಏಳು ಸಮುದ್ರವೆಂದು ತಿಳಿಯಬೇಕು. ಮತ್ತೊಂದರಲ್ಲಿ ಒಬ್ಬರು ಕಾಣಿಸುತ್ತಾರೆ, ಇನ್ನೊಬ್ಬರ ದನಿ ಪಕ್ಕದ ಮರೆಯಿಂದ ಬರುತ್ತದೆ. ಮೈಕು ಇಲ್ಲದ ಕಾಲ. ಹಿಂದಿನ ಸಾಲಿನ ನಾಲ್ಕಾಣೆ ಪ್ರೇಕ್ಷಕನಿಗೂ ಕೇಳಬೇಕೆಂದು ಗಂಡಸರೂ ಏರಿದ ಶ್ರುತಿಯಲ್ಲೇ ಹಾಡುತ್ತಿದ್ದರು. ಹಾಗಾಗಿ ಗಂಡುದನಿಗೂ ಹೆಣ್ಣುದನಿಗೂ ಒಂದೇ ಶ್ರುತಿ ಕೂಡಿಬರುವುದು ಈಗಿನಷ್ಟು ಕಷ್ಟವಿರಲಿಲ್ಲ. ಅದರ ಮೇಲೆ ‘ಒನ್ಸ್ ಮೋರ್’ ಕಾಟ. ಸತ್ತ ಪಾತ್ರಧಾರಿ ಎದ್ದು ಕೂತು ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸತ್ತ ಕತೆಗಳನ್ನು ಕಂಪನಿ ಕಾಲದವರು ನಗುತ್ತ ಹೇಳುವುದುಂಟು. ಅಂಥಲ್ಲಿ ಅಗಲಿದವರು ಎರಡನೇ ಸಲ ಅಗಲುವುದು ಯಾವ ಲೆಕ್ಕ!

ಆದರೆ ಆ ಹೆಣ್ಣುದನಿ ಯಾರದು? ಬಹುಕಾಲ ಅದು ಹುಡುಗರದು. ಪಾರ್ಸಿ ಕಂಪನಿಗಳಲ್ಲೂ ಮೈಸೂರು ಸೀಮೆಯ ಕಂಪನಿಗಳಲ್ಲೂ ಮೀಸೆ ಬರದ ಹುಡುಗರು ಸೀರೆಯುಟ್ಟು ನಾಯಕಿಯರಾದರು. ನೋಡಲು ಬಂದ ಹೆಂಗಸರಿಗೆ ಬೇರೆ ಜಾಗ. ಪಾರ್ಸಿ ಕಂಪನಿಗಳು ಕೆಲವು ಊರುಗಳಲ್ಲಿ ಗೋಷಾ ಹೆಂಗಸರಿಗೆಂದೇ ಬೇರೆ ಆಟ ಇಡುತ್ತಿದ್ದವು. ಶಿವಾಜಿನಗರದವರಿಗೆ ಗೋಷಾ ಎಂಬ ಪದದ ಅರ್ಥ ಹೇಳಬೇಕಿಲ್ಲ. ಹಾಜಿ ಸರ್ ಇಸ್ಮಾಯಿಲ್ ಸೇಠರ ಹೆಸರಿನ ಗೋಷಾ ಆಸ್ಪತ್ರೆ ಇಂದಿಗೂ ಅಲ್ಲಿ ನಿಂತಿದೆ. ಹೀಗೆ ರಂಗದ ಮೇಲೂ ಹೆಣ್ಣಿಲ್ಲ, ಕೆಳಗೂ ಹೆಣ್ಣು ಮರೆಯಲ್ಲಿ. ಆದರೂ ಹಾಡಿನ ಅರ್ಧ ಅವಳ ಹೆಸರಿನಲ್ಲಿ ಬರೆಯಲ್ಪಟ್ಟಿತ್ತು. ಆ ಅರ್ಧ ಅವಳ ಬಾಯಿಗೆ ಬಂದು ಸೇರಲು ಕೆಲವು ದಶಕ ಹಿಡಿಯಿತು.

ಇದಕ್ಕೊಂದು ದೂರದ ಸಾಕ್ಷಿ ಬಾಕು ಪಟ್ಟಣದಲ್ಲಿದೆ. ಕ್ಯಾಸ್ಪಿಯನ್ ತೀರದ ಆ ಊರಿನಲ್ಲಿ 1908ರ ಜನವರಿಯಲ್ಲಿ ಉಜೇರ್ ಹಾಜಿಬೆಯೋವ್ ಎಂಬ ಇಪ್ಪತ್ತೆರಡರ ತರುಣ ‘ಲೈಲಾ ಮಜ್ನೂ’ವನ್ನು ಒಪೆರಾ ಮಾಡಿ ಆಡಿಸಿದ. ಮುಸ್ಲಿಂ ಪೂರ್ವದೇಶಗಳ ಮೊದಲ ಒಪೆರಾ ಎಂದು ಅದನ್ನು ಗುರುತಿಸುತ್ತಾರೆ. ಅಲ್ಲಿಯೂ ಲೈಲಾಳ ಪಾತ್ರಕ್ಕೆ ಹೆಣ್ಣು ಸಿಗಲಿಲ್ಲ. ತರುಣನೊಬ್ಬ ಲೈಲಾ ಆದ. ಲೈಲಾ ಮಜ್ನೂ ಕತೆಯನ್ನು ನಿಜಾಮಿ 1188ರಲ್ಲಿ ಬರೆದು ಮುಗಿಸಿದಾಗಿನಿಂದಲೂ ಅದರ ಜೀವವೇ ಅಗಲಿಕೆ. ಅವನು ಕಾಡುಮೃಗಗಳ ನಡುವೆ, ಅವಳು ಒಲ್ಲದ ಗಂಡನ ಮನೆಯಲ್ಲಿ. ಅವರಿಬ್ಬರನ್ನು ಒಟ್ಟಿಗೆ ನಿಲ್ಲಿಸಿ ಹಾಡಿಸಿದರೆ ಕತೆಯೇ ಸುಳ್ಳಾಗುತ್ತದೆ. ಉರ್ದು ಕಾವ್ಯ ಬಲ್ಲವರಿಗೆ ಇದು ಹೊಸದಲ್ಲ. ವಸ್ಲ್ ಅಂದರೆ ಮಿಲನದ ಮೇಲೆ ಬರೆದ ಶೇರ್‌ಗಳನ್ನು ಬೆರಳಲ್ಲಿ ಎಣಿಸಬಹುದು, ಹಿಜ್ರ್ ಅಂದರೆ ಅಗಲಿಕೆಯ ಮೇಲೆ ಬರೆದವಕ್ಕೆ ಲೆಕ್ಕವಿಲ್ಲ.

ಪೇಟೆಯ ಕಡೆ ಏನಾಗುತ್ತಿತ್ತು? 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯೂ ಅದರ ಜೊತೆಯ ಇತರ ಕಂಪನಿಗಳೂ ಪುರಾಣದ ಕತೆಗಳ ಜೊತೆಗೆ ಇಂಥ ಅಗಲಿಕೆಯ ಕತೆಗಳನ್ನೂ ಆಡಿದವು. ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’ಯಲ್ಲಿ ಗಂಡನಿಂದ ಅಗಲಿದ ಹೆಣ್ಣು ಕಳ್ಳನ ಕೈಗೆ ಸಿಕ್ಕಿ, ತಪ್ಪಿಸಿಕೊಂಡು, ಗಂಡುವೇಷ ಹಾಕುತ್ತಾಳೆ. ಜನ ಹುಚ್ಚೆದ್ದು ನೋಡಿದ್ದು ಗುಬ್ಬಿ ವೀರಣ್ಣನವರ ಕಳ್ಳನ ಪಾತ್ರವನ್ನು, ನಿಜ. ಆದರೆ ಕತೆಯ ಬೆನ್ನೆಲುಬು ಆ ಹೆಣ್ಣಿನ ಒಂಟಿ ಪಯಣ. ಸಬ್ಜ್ ಪರಿಯ ಜೋಗಿಣಿ ವೇಷಕ್ಕೂ ಸದಾರಮೆಯ ಗಂಡುವೇಷಕ್ಕೂ ಬಹಳ ದೂರವಿಲ್ಲ.

‘ಗುಲೇಬಕಾವಲಿ’ಯ ಕತೆ ಇನ್ನೂ ಸ್ವಾರಸ್ಯ. ಫಾರಸಿಯಲ್ಲಿದ್ದ ಇದನ್ನು ನಿಹಾಲ್ ಚಂದ್ ಲಾಹೋರಿ 1803ರಲ್ಲಿ ಉರ್ದು ಗದ್ಯಕ್ಕೆ ತಂದರು. ಕಾಶ್ಮೀರಿ ಪಂಡಿತ ದಯಾಶಂಕರ್ ನಸೀಮ್ 1838ರಲ್ಲಿ ಮಸ್ನವಿ ಮಾಡಿದರು. ಕುರುಡನಾದ ತಂದೆಯ ಕಣ್ಣಿಗೆ ಮದ್ದೆಂದು ರಾಜಕುಮಾರ ತಾಜುಲ್ಮುಲೂಕ್ ಬಕಾವಲಿಯ ತೋಟದ ಹೂ ಕದಿಯುತ್ತಾನೆ. ಕಳ್ಳನನ್ನು ಹುಡುಕಿಕೊಂಡು ಅವಳು ಗಂಡುವೇಷದಲ್ಲಿ ಅವನ ತಂದೆಯ ದರ್ಬಾರಿಗೇ ಬಂದು ಕೂರುತ್ತಾಳೆ. ಓಲೆಗಳು ಓಡಾಡುತ್ತವೆ. ಕೊನೆಗೆ ಇಲ್ಲಿಯೂ ಇಂದ್ರನೇ ಬಂದು ಶಾಪ ಕೊಟ್ಟು ಅವಳನ್ನು ಸೊಂಟದಿಂದ ಕೆಳಗೆ ಕಲ್ಲು ಮಾಡುತ್ತಾನೆ. ಉರ್ದು ಕತೆಗಳಲ್ಲಿ ಪ್ರೇಮಿಗಳನ್ನು ಅಗಲಿಸುವ ಕೆಲಸ ಇಂದ್ರನಿಗೇ ಯಾಕೆ ಬೀಳುತ್ತಿತ್ತೋ! ಈ ಕತೆ ಕನ್ನಡ ರಂಗದಲ್ಲಿ ಆಡಿದ ಕಾಲಕ್ಕೆ ಯಾರೂ ಅದನ್ನು ಮುಸ್ಲಿಮರ ಕತೆ ಎಂದಾಗಲಿ, ಹಿಂದೂಗಳ ಕತೆ ಎಂದಾಗಲಿ ನೋಡಲಿಲ್ಲ.

ಇದನ್ನು ಆಡಿದವರಲ್ಲಿ ಮಹಮದ್ ಪೀರ್ ಅವರ ಚಂದ್ರಕಲಾ ನಾಟಕ ಕಂಪನಿಯೂ ಒಂದು. ಮುಂದೆ ಸಿನಿಮಾದಲ್ಲಿ ದೊಡ್ಡ ಹೆಸರಾದ ಬಿ.ಆರ್. ಪಂತುಲು ಅವರು ಮೊದಲು ಬಣ್ಣ ಹಚ್ಚಿದ್ದು ಪೀರ್ ಅವರ ಕಂಪನಿಯಲ್ಲಿ. ‘ಗುಲೇಬಕಾವಲಿ’, ‘ಸದಾರಮೆ’, ಎಚ್.ಎಲ್.ಎನ್. ಸಿಂಹರ ‘ಸಂಸಾರ ನೌಕೆ’ ಅಲ್ಲಿನ ನಾಟಕಗಳು. ಈ ಕೊನೆಯದು 1936ರಲ್ಲಿ ಚಲನಚಿತ್ರವೂ ಆಯಿತು. ಕನ್ನಡ ನಾಟಕಕ್ಕೆ ಮುಸ್ಲಿಮನೊಬ್ಬ ಯಜಮಾನನಾಗಿದ್ದ ಎಂದು ಹೇಳಿದರೆ ಇಂದಿನ ನಮ್ಮ ಹುಡುಗರು ಹುಬ್ಬೇರಿಸುತ್ತಾರೆ. ನಮ್ಮವರು ನಾಟಕ, ಹಾಡು ಎಂದರೆ ಮರ್ಯಾದಸ್ಥರ ಕೆಲಸವಲ್ಲ ಎಂದು ಪೀರ್ ಅವರನ್ನು ಮರೆತರು. ಕನ್ನಡ ರಂಗಭೂಮಿಯ ಮಾತು ಬಂದಾಗ ಪಾರ್ಸಿ ಪ್ರಭಾವವನ್ನು ಒಂದು ವಾಕ್ಯದಲ್ಲಿ ಮುಗಿಸುವವರು ದಂಡಿನ ಉರ್ದು ಪ್ರೇಕ್ಷಕರನ್ನು ಮರೆತರು. ಹಾಡನ್ನು ಕೂಡಿ ಕಟ್ಟಿದ ಎರಡು ಕಡೆಯವರೂ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳದೆ ಹೋದರು ಎನ್ನುವುದು ನಮಗಿರುವ ಬೇಸರ.

ಹೆಣ್ಣಿನ ಅರ್ಧ ಹೆಣ್ಣಿನ ಬಾಯಿಗೆ ಬಂದ ಬಗೆಯನ್ನೂ ಹೇಳಬೇಕು. ಗುಬ್ಬಿ ಕಂಪನಿಯಲ್ಲಿ ಬಿ. ಜಯಮ್ಮನವರಂಥ ಗಾಯಕಿ ನಟಿಯರು ಬಂದರು. ಉತ್ತರ ಕರ್ನಾಟಕದ ಬೀಳಗಿಯಿಂದ ಅಕ್ಕತಂಗಿಯರಿಬ್ಬರು ಬಂದರು, ಗೋಹರ್‌ಬಾಯಿ ಮತ್ತು ಅಮೀರ್‌ಬಾಯಿ. ಗೋಹರ್‌ಬಾಯಿ 1938ರಲ್ಲಿ ಬಾಲಗಂಧರ್ವರ ಮರಾಠಿ ಕಂಪನಿ ಸೇರಿದರು. ಹೆಣ್ಣುವೇಷಕ್ಕೇ ನಾಡೆಲ್ಲ ಹೆಸರಾಗಿದ್ದ ಬಾಲಗಂಧರ್ವರ ಎದುರು ನಿಜವಾದ ಹೆಣ್ಣು ನಾಯಕಿಯಾಗಿ ನಿಂತು ಹಾಡಿದಳು ಎಂಬುದನ್ನು ಊಹಿಸಿಕೊಳ್ಳಿ. ಅಮೀರ್‌ಬಾಯಿ ಸಿನಿಮಾಕ್ಕೆ ಹೋದರು. 1944ರ ‘ರತನ್’ ಚಿತ್ರದಲ್ಲಿ ಅವರು ಹಾಡಿದ ಅಗಲಿಕೆಯ ಹಾಡು ಇಂದಿಗೂ ಕೇಳಿಬರುತ್ತದೆ. ರಹಮತ್ ತರೀಕೆರೆಯವರು ಅಮೀರ್‌ಬಾಯಿಯ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ. ಓದದವರು ಓದಬೇಕು.

ಟಾಕಿ ಬಂದ ಮೇಲೆ ಕೆಲಸ ಸಲೀಸಾಯಿತು. ಪರದೆ ಎಳೆಯುವವನ ಕೆಲಸವನ್ನು ಕತ್ತರಿ ಮಾಡಿತು. ಶಿವಾಜಿನಗರದ ಎಲ್ಜಿನ್ ಟಾಕೀಸಿನಲ್ಲಿ, ದಂಡಿನ ಇತರ ಚಿತ್ರಮಂದಿರಗಳಲ್ಲಿ ನಮ್ಮ ಹಿರಿಯರು ಈ ಚಿತ್ರಗಳನ್ನು ನೋಡಿದರು; ಎಲ್ಜಿನ್ ಈಗಿಲ್ಲ. ಅಗಲಿದವರ ಯುಗಳಗೀತೆ ಎಂದರೆ ಅವರು ತಟ್ಟನೆ ಹೇಳುವ ಹೆಸರು ಮೆಹಬೂಬ್ ಖಾನರ ‘ಅನ್ಮೋಲ್ ಘಡಿ’, 1946. ನೌಷಾದರ ಸಂಗೀತ, ತನ್ವೀರ್ ನಖ್ವಿಯವರ ಸಾಹಿತ್ಯ, ಹಾಡಿದವರು ಮತ್ತು ನಟಿಸಿದವರು ನೂರ್‌ಜಹಾನ್ ಮತ್ತು ಸುರೇಂದ್ರ. ನಾಯಕ ಒಂದೆಡೆ, ನಾಯಕಿ ಇನ್ನೊಂದೆಡೆ, ಒಬ್ಬರನ್ನೊಬ್ಬರು ಎಲ್ಲಿದ್ದೀ ಎಂದು ಕೂಗಿ ಕೇಳುವ ಹಾಡು. ವರ್ಷ ಕಳೆಯುವುದರೊಳಗೆ ದೇಶ ಎರಡಾಯಿತು. ನೂರ್‌ಜಹಾನ್ ಪಾಕಿಸ್ತಾನಕ್ಕೆ ಹೋದರು, ತನ್ವೀರ್ ನಖ್ವಿಯವರೂ ಅಲ್ಲೇ ನೆಲೆಸಿದರು. ಸುರೇಂದ್ರ ಮತ್ತು ನೌಷಾದ್ ಇಲ್ಲಿ ಉಳಿದರು. ಅಕ್ಕ ಕರಾಚಿಯಲ್ಲಿ, ತಮ್ಮ ಬೆಂಗಳೂರಿನಲ್ಲಿ ಎಂಬಂಥ ಮನೆಗಳು ದಂಡಿನಲ್ಲಿ ಕಡಿಮೆಯಿರಲಿಲ್ಲ. ಆ ಮನೆಗಳಲ್ಲಿ ರೇಡಿಯೋದಿಂದ ಈ ಹಾಡು ಬಂದರೆ ಅದನ್ನು ಪ್ರೇಮಗೀತೆ ಎಂದು ಯಾರೂ ಕೇಳುತ್ತಿರಲಿಲ್ಲ. 1982ರಲ್ಲಿ ನೂರ್‌ಜಹಾನ್ ಮುಂಬಯಿಗೆ ಬಂದಾಗ ಆ ಹಾಡನ್ನು ಮತ್ತೆ ವೇದಿಕೆಯ ಮೇಲೆ ಹಾಡಿದರು.

ದೇಶ ಒಡೆದದ್ದರಿಂದಾದ ಅಗಲಿಕೆ ಒಂದಾದರೆ ಹೊಟ್ಟೆಪಾಡಿನ ಅಗಲಿಕೆ ಇನ್ನೊಂದು. ಕೇರಳದ ಎಸ್.ಎ. ಜಮೀಲ್ 1977ರಲ್ಲಿ ಗಲ್ಫ್ ವೇದಿಕೆಯಲ್ಲಿ ಹಾಡಿದ ‘ದುಬೈ ಕತ್ತು ಪಾಟ್ಟು’ ನಮ್ಮ ಕರಾವಳಿಯ ಬ್ಯಾರಿ ಓದುಗರಿಗೆ ಚೆನ್ನಾಗಿ ಗೊತ್ತು. ದುಬೈಯಲ್ಲಿರುವ ಗಂಡನಿಗೆ ಊರಲ್ಲಿರುವ ಹೆಂಡತಿ ಬರೆದ ಕಾಗದವೇ ಆ ಹಾಡು. ಕೇಳಿದ ಗಂಡಸರಿಗೆ ಅದು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಬಳಿಕ ಜಮೀಲ್ ಅದಕ್ಕೆ ಗಂಡನ ಮರುಕಾಗದವನ್ನೂ ಹಾಡಾಗಿ ಬರೆಯಬೇಕಾಯಿತು. ಎರಡೂ ಕ್ಯಾಸೆಟ್ಟುಗಳಲ್ಲಿ ಸಮುದ್ರದ ಆಚೆಗೂ ಈಚೆಗೂ ಓಡಾಡಿದವು. ಇಲ್ಲಿ ಹೆಣ್ಣೇ ಮೊದಲು ಹಾಡುತ್ತಾಳೆ, ಉತ್ತರ ಕೊಡುವ ಸರದಿ ಗಂಡಿನದು ಎಂಬುದನ್ನು ಗಮನಿಸಬೇಕು. ನೂರೈವತ್ತು ವರ್ಷಗಳ ಈ ಕತೆಯಲ್ಲಿ ನಮಗೆ ಬಹಳ ಮೆಚ್ಚುಗೆಯಾದ ತಿರುವು ಇದೇ.

ರೆಸಿಡೆನ್ಸಿ ರಸ್ತೆ ಬ್ರಿಗೇಡ್ ರಸ್ತೆಯನ್ನು ಕೂಡುವಲ್ಲಿ ದಂಡಿನ ಹಳೆಯ ಒಪೆರಾ ಹೌಸ್ ಇದೆ. ನಾಟಕ, ಸಂಗೀತ, ಆಮೇಲೆ ಸಿನಿಮಾ ಕಂಡ ಆ ಕಟ್ಟಡ ವರ್ಷಗಟ್ಟಲೆ ಮುಚ್ಚಿದ್ದು 2018ರಲ್ಲಿ ಮೊಬೈಲ್ ಕಂಪನಿಯೊಂದರ ಮಳಿಗೆಯಾಗಿ ಬಾಗಿಲು ತೆರೆಯಿತು. ದೂರದಲ್ಲಿರುವ ಇಬ್ಬರು ಮಾತಾಡಲು ಬೇಕಾದ ಸಾಮಾನೇ ಅಲ್ಲಿ ಮಾರಾಟಕ್ಕೆ ಬಂತು. ಹಾಡು ಮಾತ್ರ ಅಲ್ಲಿಂದ ಎದ್ದುಹೋಗಿದೆ.

ಅದು ಉಳಿದಿರುವ ಜಾಗ ಬೇರೆ. ಹಲಸೂರು, ಇಂದಿರಾನಗರ ದಾಟಿ, ಕೆ.ಆರ್.ಪುರದ ತೂಗುಸೇತುವೆ ದಾಟಿ ಹೊಸಕೋಟೆ, ಮಾಲೂರು ಕಡೆ ಹೋದರೆ ಹಳ್ಳಿಗಳಲ್ಲಿ ಇಂದಿಗೂ ‘ಕುರುಕ್ಷೇತ್ರ’ದಂಥ ಪೌರಾಣಿಕ ನಾಟಕಗಳು ರಾತ್ರಿಯಿಡೀ ನಡೆಯುತ್ತವೆ. ಊರಿನ ಗಂಡಸರು, ರೈತರು, ಡ್ರೈವರುಗಳು, ಕಾರ್ಖಾನೆಗೆ ಹೋಗುವವರು, ತಾವೇ ದುಡ್ಡು ಹಾಕಿ ಪಾತ್ರ ಹಿಡಿಯುತ್ತಾರೆ. ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡಿಕೊಂಡು ತಿಂಗಳುಗಟ್ಟಲೆ ರಾತ್ರಿ ಅಭ್ಯಾಸ ಮಾಡುತ್ತಾರೆ. ಅಷ್ಟೂ ತಿಂಗಳು ಅರ್ಜುನನಿಗೆ ಸುಭದ್ರೆಯಿಲ್ಲ, ಅಭಿಮನ್ಯುವಿಗೆ ಉತ್ತರೆಯಿಲ್ಲ. ಹೆಣ್ಣುಪಾತ್ರಕ್ಕೆ ವೃತ್ತಿಯ ನಟಿಯರನ್ನು ಸಂಭಾವನೆ ಕೊಟ್ಟು ಕರೆಸುತ್ತಾರೆ, ಅವರು ಬರುವುದು ಆಟದ ದಿನ. ಅಭ್ಯಾಸದಲ್ಲಿ ಅವರ ನುಡಿ ಬಂದಾಗ ಮೇಷ್ಟ್ರೇ ಹಾಡಿ ಜಾಗ ತುಂಬುತ್ತಾರೆ. ಆ ಕಡೆ ನಟಿಯೂ ಅದೇ ಹಾಡನ್ನು ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಅರ್ಜುನರ ಜೊತೆ ಹಾಡಿಕೊಂಡೇ ಬಂದಿರುತ್ತಾಳೆ. ಇಬ್ಬರಿಗೂ ಹಾಡು ಪೂರ್ತಿ ಬರುತ್ತದೆ, ಒಬ್ಬರ ದನಿ ಮಾತ್ರ ಒಬ್ಬರು ಕೇಳಿರುವುದಿಲ್ಲ.

ಸಂಜೆ ಬಸ್ಸಿಳಿದು, ಕಾಫಿ ಕುಡಿದು, ಬಣ್ಣದ ಮನೆಗೆ ಹೋಗುವ ಮೊದಲು ನಟಿ ಹಾರ್ಮೋನಿಯಂ ಪಕ್ಕ ಬಂದು ನಿಲ್ಲುತ್ತಾಳೆ. “ನಿಮ್ಮ ಅರ್ಜುನ ಯಾವ ಶ್ರುತಿ, ಮೇಷ್ಟ್ರೇ?” ಎಂದು ಕೇಳುತ್ತಾಳೆ. ಮೇಷ್ಟ್ರು ಒಂದು ಮನೆ ಒತ್ತಿ ತೋರಿಸುತ್ತಾರೆ. ಅವಳು ಸಣ್ಣಗೆ ಗುನುಗಿ ನೋಡಿ, ಅರ್ಧ ಮನೆ ಏರಿಸಿ ಎನ್ನುತ್ತಾಳೆ. ಬೆಳಗಿನ ಜಾವ ಮಂಗಳ ಮುಗಿದು ಬಣ್ಣ ಒರೆಸಿಕೊಂಡ ಮೇಲೆ ಮೊದಲ ಬಸ್ಸಿಗೆ ಅವಳು ಹೊರಡಬೇಕು. ಮರುದಿನ ಇನ್ನೊಂದು ಊರಿನಲ್ಲಿ ಆಟವಿರುತ್ತದೆ.